ಗುಡಿಯಂಗಳದ ಮರಗಳಿಗೊಂದು ದಿನಚರಿ

(ಶಿಡ್ಲಘಟ್ಟದ ಸಭೆಯಲ್ಲಿ ಆಡಿದ ಮಾತು)



ಕ್ಯಾನ್ಸರ್ ಚಿಕಿತ್ಸೆಯ ನಡುವಣ ಬಿಡುವಿನಲ್ಲಿ ನಾನು ಚಿಕ್ಕಬಳ್ಳಾಪುರದ ಬಳಿಯ ನಂದಿ, ಚಿಂತಾಮಣಿ ತಾಲ್ಲೂಕಿನ ಕೈವಾರ, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಗಳಿಗೆ ಹೋಗಿ ಗುಡಿಯಂಗಳದ ಮರಗಳ ಛಾಯಾಚಿತ್ರ ತೆಗೆಯುತ್ತಿದ್ದೇನೆ.

ವಿದುರಾಶ್ವತ್ಥದ ಹಳೆಯ ಅರಳಿಮರ 2001ರಲ್ಲಿ ಉರುಳಿತು. ಅದರ ಸುತ್ತಳತೆಯನ್ನಾಗಲಿ, ಚಿಗುರುವ ಕಾಲವನ್ನಾಗಲಿ ಇನ್ನು ಯಾರೂ ಹೊಸದಾಗಿ ದಾಖಲಿಸಲಾರರು.

ಅರಳಿಯ ಹೂಗಳು ಕಾಯಿಯೊಳಗೇ ಅಡಗಿರುತ್ತವೆ. ಅದಕ್ಕೇ ಮೀಸಲಾದ ಪುಟ್ಟ ಕಣಜವೊಂದು ಒಳಹೊಕ್ಕು ಪರಾಗಸ್ಪರ್ಶ ಮಾಡುತ್ತದೆ. ಹಣ್ಣು ಹಕ್ಕಿ, ಬಾವಲಿಗಳಿಗೆ ಆಹಾರ. ಒಂದು ಮರದ ಅಳಿವಿನೊಡನೆ ಇವೆಲ್ಲಕ್ಕೂ ಧಕ್ಕೆ.

ಆದುದರಿಂದ ಒಂದೇ ಮರವನ್ನು, ಒಂದೇ ಜಾಗದಲ್ಲಿ ನಿಂತು, ತಿಂಗಳಿಗೊಮ್ಮೆ, ದಿನಾಂಕ ಬರೆದಿಟ್ಟು ಚಿತ್ರಿಸಿರಿ. ಈ ಕೆಲಸಕ್ಕೆ ಹಲವು ವರ್ಷಗಳು ಬೇಕು. ನನಗೆ ಅಷ್ಟು ಕಾಲವಿದೆಯೆಂದು ವೈದ್ಯರೂ ಹೇಳರು. ನಿಮಗಿದೆ. ನಿಮ್ಮೂರ ಗುಡಿಯ ಮರದಿಂದಲೇ ಆರಂಭಿಸಿರಿ.