ಅಪ್ಪ ಬೈದ ದಿನ

ನಾನು ಸಾಫ್ಟ್‌ವೇರ್ ಇಂಜಿನಿಯರ್, ವಯಸ್ಸು 34, ಎಂಟೆಕ್ ಮಾಡಿದೀನಿ. ನಮ್ಮಪ್ಪ ಇಂಡಿ ಕಡೆಯವರು. ಪುಣೆಯ ಮಾರ್ಕೆಟ್ ಯಾರ್ಡ್‌ನಲ್ಲಿ ಉಳ್ಳಾಗಡ್ಡಿ ದಲಾಲಿ ಅಂಗಡಿಯೊಂದರಲ್ಲಿ 30 ವರ್ಷದಿಂದ ಲೆಕ್ಕ ಬರೀತಾರೆ. ಮನೆಯೂ ಅಲ್ಲೇ ಹತ್ತಿರ. ಇವತ್ತು ನನ್ನ ಕಾಯಿಲೆಗಿಂತ, ಅದು ಬಂದಾಗ ಅಪ್ಪ-ಅವ್ವ ಹೇಗೆ ನಿಭಾಯಿಸಿದ್ರು ಅನ್ನೋದನ್ನ ಹೇಳ್ತೀನಿ.

ಮೂರು ವರ್ಷದ ಹಿಂದೆ ಆಫೀಸ್ ಮೀಟಿಂಗ್‌ನಲ್ಲೇ ಫಿಟ್ಸ್ ಬಂತು. ಎಂಆರ್‌ಐಯಲ್ಲಿ ಮೆದುಳಿನ ಎಡಭಾಗದಲ್ಲಿ ಗಡ್ಡೆ ಕಾಣಿಸ್ತು. ಆಪರೇಷನ್ ಆಯ್ತು. ಆಮೇಲೆ ವಾರಕ್ಕೆ ಐದು ದಿನದಂತೆ ಆರು ವಾರ, ಒಟ್ಟು 30 ಸಲ ರೇಡಿಯೇಷನ್, ಜೊತೆಗೆ ಟೆಮೊಜೊಲೊಮೈಡ್ ಮಾತ್ರೆ.

ಮೆದುಳಿನ ಬಾವು ಇಳಿಸೋಕೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಕೊಡ್ತಾರೆ. ಅದು ಹಸಿವು ಹೆಚ್ಚಿಸುತ್ತೆ, ನಿದ್ದೆ ಕೆಡಿಸುತ್ತೆ, ಸಿಟ್ಟು ತರಬಹುದು. ಒಂದು ರಾತ್ರಿ ಅವ್ವ ಇಟ್ಟ ತಾಟನ್ನ ಎಸೆದುಬಿಟ್ಟೆ. "ನನ್ನ ಮಗಾ ಹಿಂಗ ಇರಲಿಲ್ಲ" ಅಂತ ಅವ್ವ ಅತ್ತಳು. ಔಷಧದಿಂದಲೂ ಹೀಗಾಗುತ್ತೆ ಅಂತ ನಮಗೆ ಗೊತ್ತಿರ್ಲಿಲ್ಲ. ದಯವಿಟ್ಟು ಡಾಕ್ಟರನ್ನ ಮೊದಲೇ ಕೇಳಿಟ್ಕೊಳ್ಳಿ. ಆದ್ರೆ ಆ ಮಾತ್ರೆಯನ್ನ ನೀವಾಗೇ ನಿಲ್ಲಿಸಬೇಡಿ, ಅವರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಟ್ರೀಟ್‌ಮೆಂಟ್ ಮುಗೀತು, ಕೂದಲು ಬಂತು, ಎಲ್ರೂ "ಆರಾಮಾದ" ಅಂದ್ರು. ಒಳಗೆ ಹಾಗಿರ್ಲಿಲ್ಲ. ಬಾಯಲ್ಲಿ ಬರಬೇಕಾದ ಪದ ಬರ್ತಿರ್ಲಿಲ್ಲ. ಇಬ್ರು ಒಟ್ಟಿಗೆ ಮಾತಾಡಿದ್ರೆ ತಲೆ ತುಂಬ್ತಿತ್ತು. ಮಧ್ಯಾಹ್ನದೊಳಗೆ ಸುಸ್ತು. ಇದು ಸೋಮಾರಿತನ ಅಲ್ಲ, ಗಡ್ಡೆ ಮತ್ತು ಚಿಕಿತ್ಸೆ ಎರಡರಿಂದಲೂ ಆಗುತ್ತೆ. ತಿಂಗಳುಗಟ್ಟಲೆ ಉಳೀಬಹುದು.

ಅವ್ವ ನನ್ನನ್ನ ಕೂಸು ಮಾಡಿಬಿಟ್ಟಳು. ಫಿಟ್ಸ್ ಭಯಕ್ಕೆ ಬಚ್ಚಲ ಚಿಲಕ ಹಾಕಬ್ಯಾಡ ಅಂದಳು, ಅದು ಸರಿನೇ. ಆದ್ರೆ ನನ್ನ ಫೋನೂ ಅವಳೇ ಎತ್ತೋಳು. ಬಂದ ನೆಂಟರು ನನ್ನ ಮುಂದೆ ಕೂತು, "ಅಂವಾ ಊಟಾ ಮಾಡ್ತಾನೇನು?" ಅಂತ ಅವಳನ್ನ ಕೇಳೋರು.

ಒಂದು ಸಂಜೆ ಅಪ್ಪ ರೈತರ ಐದು ಪಟ್ಟಿ ತಂದು ಮುಂದಿಟ್ರು. "ಹಮಾಲಿ, ತೂಕದ ಖರ್ಚು, ಗಾಡಿ ಬಾಡಿಗಿ ಕಳದು ನಿವ್ವಳ ಎಷ್ಟ ಬರ್ತದ ನೋಡಪಾ" ಅಂದ್ರು. ಒಂದು ಗಂಟೆ ಹಿಡೀತು. ಅಪ್ಪ ನೋಡಿ ರೇಗಿದ್ರು: "ಲೇ, ಎಂಟೆಕ್ ಮಾಡಿಯಲ್ಲೋ! ಬಾಡಿಗಿ ಎರಡ ಸಲ ಕಳದೀಯಲ್ಲ! ರೈತನ ರೊಕ್ಕ ಅದು!"

ಅವ್ವ ಗಾಬರಿಯಾಗಿ ಓಡಿ ಬಂದಳು. ನಾನು ನಗ್ತಿದ್ದೆ. ಒಂದು ವರ್ಷದಿಂದ ಯಾರೂ ನನಗೆ ಬೈದೇ ಇರ್ಲಿಲ್ಲ. ತಪ್ಪು ಮಾಡೋಷ್ಟು ದೊಡ್ಡವನು ಅಂತ ಯಾರೂ ನನ್ನನ್ನ ನೋಡಿರ್ಲಿಲ್ಲ.

ಅವತ್ತಿಂದ ದಿನಾ ಐದು ಪಟ್ಟಿ. ಎಷ್ಟೋ ದಿನ ಆದ್ಮೇಲೆ ಗೊತ್ತಾಯ್ತು, ಅಪ್ಪ ಅವನ್ನೆಲ್ಲ ಅಂಗಡಿಯಲ್ಲೇ ಲೆಕ್ಕ ಮುಗಿಸಿ, ರೈತರಿಗೆ ರೊಕ್ಕ ಕೊಟ್ಟು, ನಕಲು ಮಾತ್ರ ಮನೆಗೆ ತರ್ತಿದ್ರು. ನನ್ನ ತಪ್ಪಿಂದ ಯಾರಿಗೂ ನಷ್ಟ ಆಗ್ತಿರ್ಲಿಲ್ಲ. ಆದ್ರೂ ಬೈಯೋದು ಮಾತ್ರ ಬಿಡ್ಲಿಲ್ಲ.

ಈಗ ಅರ್ಧ ದಿನ ಆಫೀಸ್ ಕೆಲಸ ಮಾಡ್ತೀನಿ. ಎಲ್ಲಾ ಬರೆದಿಟ್ಕೊಳ್ತೀನಿ, ಕೋಡನ್ನ ಇನ್ನೊಬ್ರಿಗೆ ತೋರಿಸ್ತೀನಿ. ಎಂಆರ್‌ಐ ಹತ್ತಿರ ಬಂದ್ರೆ ಮೂರೂ ಜನಕ್ಕೆ ನಿದ್ದೆ ಇಲ್ಲ. ಆ ಭಯ ಹೋಗಿಲ್ಲ, ಹೋಗುತ್ತೆ ಅಂತ ಸುಳ್ಳು ಹೇಳಲ್ಲ.

ತಂದೆ-ತಾಯಿಗಳಿಗೆ ಒಂದೇ ಮಾತು. ಮಾತ್ರೆ ಕೊಡಿ, ಜೊತೆಗೆ ಒಂದು ಸಣ್ಣ ಕೆಲಸಾನೂ ಕೊಡಿ. ಹಿಂದೆ ನಿಂತು ನೋಡ್ಕೊಳ್ಳಿ. ತಪ್ಪಿದ್ರೆ ಬೈರಿ.