ಬಂದೂಕಿನ ಲೈಸೆನ್ಸೂ ಡಾಕ್ಟರರ ಚೀಟಿಯೂ

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಜ್ವರ ಬಂದು ಮಿಲ್ಲಿಗೆ ಹೋಗದಿದ್ದರೆ ಡಾಕ್ಟರರ ಚೀಟಿ ಬೇಕು. ಮತ್ತೆ ಕೆಲಸಕ್ಕೆ ಸೇರಲೂ ಚೀಟಿ ಬೇಕು. ಅವರು ನಾಡಿ ನೋಡಿ, ಜ್ವರ ಇಳಿದಿದೆಯೆಂದು ಬರೆದುಕೊಡುತ್ತಾರೆ. ಆದರೆ ಈ ಮನುಷ್ಯ ನಾಳೆ ಯಾರ ಮೇಲೂ ಕೈಮಾಡುವುದಿಲ್ಲವೆಂದು ಬರೆದುಕೊಡಿ ಎಂದರೆ ಅವರು ಏನು ಮಾಡಿಯಾರು?

ಅಮೆರಿಕದ ವೈದ್ಯರ ಮುಂದೆ ಬಂದ ಪ್ರಶ್ನೆ ಇದೇ. ಅಲ್ಲಿನ ಉತ್ತರ ಕೆರೋಲಿನಾ ಸಂಸ್ಥಾನದ 1995ರ ಕಾಯಿದೆಯಂತೆ, ಅಂಗಿಯೊಳಗೆ ಪಿಸ್ತೂಲು ಮರೆಸಿಕೊಂಡು ತಿರುಗಲು ಪರವಾನಗಿ ಕೊಡುವವನು ಷೆರಿಫ್. ಎಂದರೆ ಜನರು ಚುನಾಯಿಸಿದ ಪೋಲೀಸು ಅಧಿಕಾರಿ. ಕೆಲವು ಷೆರಿಫರು ಅರ್ಜಿದಾರನ ವೈದ್ಯರಿಗೇ ಫಾರಂ ಕಳಿಸಿ, ಇವನು ಪಿಸ್ತೂಲು ಹಿಡಿಯಲು ಯೋಗ್ಯನೇ ಎಂದು ಕೇಳಿದರು. ಇದನ್ನು ಅಳೆಯುವ ಅಳತೆಗೋಲು ನಮ್ಮಲ್ಲಿಲ್ಲವೆಂದು ಅನೇಕ ವೈದ್ಯರು ಹೇಳಿದರು.

ಇದು ದೂರದ ಮಾತೆಂದು ತಿಳಿಯಬೇಡಿ. ನಮ್ಮ ದೇಶದ 2016ರ ಆಯುಧ ನಿಯಮಗಳಂತೆ, ಬಂದೂಕಿನ ಅರ್ಜಿಯೊಡನೆ ದೇಹ ಮನಸ್ಸುಗಳು ಸ್ವಸ್ಥವಾಗಿವೆ, ಮಾದಕ ಪದಾರ್ಥಗಳ ಚಟವಿಲ್ಲ ಎಂಬ ವೈದ್ಯರ ಸರ್ಟಿಫಿಕೇಟು ಇರಬೇಕು. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವ ಕಾವಲುಗಾರ ನಮ್ಮವನೇ. ನಿದ್ದೆಗೇಡನ್ನೋ ಕುಡಿತವನ್ನೋ ಹೇಳಿಕೊಂಡರೆ ಲೈಸೆನ್ಸಿನ ಜತೆಗೆ ಅನ್ನವೂ ಹೋದೀತೆಂದು ಅವನು ಬಾಯಿ ಬಿಗಿದುಕೊಂಡರೆ, ಚೀಟಿಯೂ ಸುಳ್ಳು, ಚಿಕಿತ್ಸೆಯೂ ಇಲ್ಲ. ಹಣವುಳ್ಳವನಾದರೋ, ಒಬ್ಬ ಡಾಕ್ಟರು ಒಲ್ಲೆನೆಂದರೆ ಇನ್ನೊಬ್ಬರ ಬಾಗಿಲು ತಟ್ಟಬಲ್ಲ.

ಹಾಗಾದರೆ ವೈದ್ಯರು ಕೈಕಟ್ಟಿ ಕೂಡಬೇಕೆ? ಕೂಡದು. ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡವರು. ಮನಸ್ಸು ಕುಸಿದ ಗಳಿಗೆಯಲ್ಲಿ ಬಂದೂಕು ಕೈಗೆ ಸಿಗದಿದ್ದರೆ ಜೀವ ಉಳಿಯುವ ಸಂಭವವುಂಟು. ಅಂಥ ಅಪಾಯ ಕಣ್ಣಿಗೆ ಬಿದ್ದಾಗ ವೈದ್ಯರು ಮಾತನಾಡಲೇಬೇಕು.

ಇಂಗ್ಲೆಂಡಿನಲ್ಲಿ 2021ರ ನವೆಂಬರಿನಿಂದ, ವೈದ್ಯರ ಮಾಹಿತಿ ಬಾರದೆ ಪೋಲೀಸರು ಬಂದೂಕಿನ ಲೈಸೆನ್ಸು ಕೊಡುವಂತಿಲ್ಲ. ಆದರೆ ವೈದ್ಯರು ತಿಳಿಸುವುದು ಕಾಯಿಲೆಯ ಸಂಗತಿಯನ್ನು ಮಾತ್ರ; ತೀರ್ಮಾನ ಪೋಲೀಸರದು. ಈ ಮೇರೆ ನಮಗೆ ಸರಿಯೆನಿಸುತ್ತದೆ. ನಾಡಿ ತೋರಿಸಿ ಹೋಗುವವನು ಮನೆಯಲ್ಲಿ ಹೆಂಡತಿಯನ್ನು ಹೊಡೆಯುತ್ತಾನೆಯೇ, ಸಂತೆಯಲ್ಲಿ ಸಣ್ಣ ಅಂಗಡಿಯವನನ್ನು ಬೆದರಿಸುತ್ತಾನೆಯೇ ಎಂಬುದು ಡಾಕ್ಟರರಿಗೆ ಹೇಗೆ ತಿಳಿದೀತು? ಬೀದಿಗೆ ತಿಳಿದಿರುತ್ತದೆ, ಠಾಣೆಗೆ ತಿಳಿದಿರಬೇಕು. ನಮ್ಮ 1959ರ ಆಯುಧ ಕಾಯಿದೆ ಠಾಣೆಯ ವರದಿಯನ್ನು ಕೇಳುವುದೂ ಇದಕ್ಕೇ. ಅನಾಹುತವಾದ ಮೇಲೆ, ಡಾಕ್ಟರರ ಚೀಟಿಯಿತ್ತಲ್ಲ ಎಂದು ಅಧಿಕಾರಿ ಕೈತೊಳೆದುಕೊಳ್ಳುವಂತಾಗಬಾರದು.

ನಾವು ಕೇಳುವುದು ಎರಡೇ. ಲೈಸೆನ್ಸು ಕೊಟ್ಟ ಅಧಿಕಾರಿಯೇ ಅದಕ್ಕೆ ಹೊಣೆಯಾಗಬೇಕು. ಕಾಯಿಲೆ ಹೇಳಿಕೊಂಡ ಕಾವಲುಗಾರನಿಗೆ ವಾಸಿಯಾಗುವವರೆಗೆ ಬಂದೂಕಿಲ್ಲದ ಕೆಲಸ, ಅದೇ ಸಂಬಳ ಸಿಗಬೇಕು. ಅನ್ನದ ಭಯ ತಪ್ಪಿದರೆ ಅವನು ಡಾಕ್ಟರರ ಮುಂದೆ ನಿಜ ಹೇಳಿಯಾನು. ಆ ನಿಜವೇ ಅವನನ್ನೂ ಎದುರಿಗಿರುವವರನ್ನೂ ಕಾಯುವುದು.