ಹೈಟಿ ಮತ್ತು ಕೀನ್ಯಾದ ವಲಸಿಗರು: ಅಂಕಿಗಳನ್ನು ಓದುವ ಬಗೆ



2024ರ ಜೂನ್ ತಿಂಗಳಲ್ಲಿ ಕೀನ್ಯಾ ದೇಶದ ಪೊಲೀಸರ ಒಂದು ತಂಡ ಹೈಟಿಯ ರಾಜಧಾನಿ ಪೋರ್ಟೊ ಪ್ರಿನ್ಸ್‌ನಲ್ಲಿ ಬಂದಿಳಿಯಿತು. ಸಶಸ್ತ್ರ ಗುಂಪುಗಳ ಹಾವಳಿಯಿಂದ ತತ್ತರಿಸಿದ್ದ ಆ ನಗರಕ್ಕೆ ವಿಶ್ವಸಂಸ್ಥೆಯ ಒಪ್ಪಿಗೆ ಪಡೆದು ಹೋದ ತಂಡ ಅದು. ಪತ್ರಿಕೆಗಳಲ್ಲಿ ಈ ಎರಡು ದೇಶಗಳ ಹೆಸರು ಒಟ್ಟಿಗೆ ಕಾಣಿಸಿಕೊಂಡದ್ದು ಆಗ. ಒಂದು ಪೂರ್ವ ಆಫ್ರಿಕದ ದೇಶ, ಇನ್ನೊಂದು ಕೆರಿಬಿಯನ್ ಸಮುದ್ರದ ದ್ವೀಪವೊಂದರ ಪಶ್ಚಿಮ ಭಾಗ. ಆದರೆ ಈ ಎರಡು ದೇಶಗಳ ಜನ ಅದಕ್ಕೆ ಬಹಳ ಮೊದಲೇ ಒಂದೆಡೆ ಸೇರಿದ್ದರು. ಅಮೆರಿಕದ ಆಸ್ಪತ್ರೆಗಳಲ್ಲಿ, ವೃದ್ಧಾಶ್ರಮಗಳಲ್ಲಿ ರೋಗಿಗಳ ಆರೈಕೆ ಮಾಡುವ ವಲಸಿಗರಲ್ಲಿ ಹೈಟಿಯವರೂ ಇದ್ದಾರೆ, ಕೀನ್ಯಾದವರೂ ಇದ್ದಾರೆ.

ಅಮೆರಿಕದಲ್ಲಿ ನೆಲೆಸಿರುವ ಈ ಎರಡು ಸಮುದಾಯಗಳ ಬಾಳು ಹೇಗಿದೆ ಎಂಬುದನ್ನು ಇಂದು ಹೋಲಿಸಿ ನೋಡೋಣ. ಮೊದಲು ಸಂಖ್ಯೆಗಳು. ಹೈಟಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ವಾಸಿಸುವವರು ಏಳು ಲಕ್ಷಕ್ಕೂ ಹೆಚ್ಚು. ಕೀನ್ಯಾದಲ್ಲಿ ಹುಟ್ಟಿದವರು ಒಂದೂವರೆ ಲಕ್ಷದ ಆಸುಪಾಸು. ಹೈಟಿಯಿಂದ ಬಂದ ವಯಸ್ಕರಲ್ಲಿ ಐವರಿಗೆ ಒಬ್ಬರು ಮಾತ್ರ ಪದವೀಧರರು. ಕೀನ್ಯಾದಿಂದ ಬಂದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಪದವೀಧರರು. ಅಮೆರಿಕದಲ್ಲೇ ಹುಟ್ಟಿದವರಲ್ಲಿ ಈ ಪ್ರಮಾಣ ಮೂರನೇ ಒಂದು. ಎಂದರೆ ಕೀನ್ಯಾದವರು ಅಮೆರಿಕನ್ನರಿಗಿಂತ ಮುಂದೆ, ಹೈಟಿಯವರು ಹಿಂದೆ. ಪದವಿ ಇದ್ದಲ್ಲಿ ಸಂಬಳವೂ ಹೆಚ್ಚು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಷ್ಟು ಓದಿದ ಕೂಡಲೇ ಕೆಲವರು ತೀರ್ಪು ಕೊಟ್ಟುಬಿಡುತ್ತಾರೆ. ಕೀನ್ಯಾದವರ ಸಂಸ್ಕೃತಿಯಲ್ಲಿ ವಿದ್ಯೆಗೆ ಬೆಲೆ ಇದೆ, ಹೈಟಿಯವರಿಗೆ ಅದು ಬೇಕಿಲ್ಲ ಎನ್ನುತ್ತಾರೆ. ಈ ತೀರ್ಪು ಸರಿಯೆ? ಇದಕ್ಕೆ ಉತ್ತರ ಹುಡುಕಲು ನಾವು ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ತಾಯ್ನಾಡಿನಿಂದ ಹೊರಟವರು ಯಾರು? ಅವರು ಯಾವ ಬಾಗಿಲಿನಿಂದ ಒಳಗೆ ಬಂದರು? ಬಂದವರನ್ನು ಆ ನಾಡು ಹೇಗೆ ಬರಮಾಡಿಕೊಂಡಿತು?

ಮೊದಲು ಕೀನ್ಯಾದ ಕಡೆಗೆ ನೋಡೋಣ. ನೈರೋಬಿಯಿಂದ ನ್ಯೂಯಾರ್ಕ್ ಸುಮಾರು 12 ಸಾವಿರ ಕಿಲೋಮೀಟರ್ ದೂರ. ದೋಣಿ ಹತ್ತಿ ಹೋಗುವಂತಿಲ್ಲ. ವಿಮಾನದ ಟಿಕೆಟ್ ಬೇಕು, ವೀಸಾ ಬೇಕು, ವೀಸಾ ಸಿಗಲು ಕಾಲೇಜಿನ ಪ್ರವೇಶ ಪತ್ರವೋ ಕೆಲಸವೋ ಬಂಧುಗಳ ಆಧಾರವೋ ಬೇಕು. ಆರಂಭದಿಂದಲೂ ಇದು ವಿದ್ಯಾರ್ಥಿಗಳ ದಾರಿಯಾಗಿತ್ತು. ಕಾರ್ಮಿಕ ನಾಯಕ ಟಾಮ್ ಎಂಬೋಯಾ ಅವರ ಪ್ರಯತ್ನದಿಂದ 1959ರಲ್ಲಿ 81 ವಿದ್ಯಾರ್ಥಿಗಳನ್ನು ಹೊತ್ತ ವಿಮಾನವೊಂದು ನ್ಯೂಯಾರ್ಕ್ ತಲುಪಿತು. ಕೀನ್ಯಾ ಇನ್ನೂ ಬ್ರಿಟಿಷರ ಅಧೀನದಲ್ಲಿದ್ದ ಕಾಲವದು. ಸ್ವತಂತ್ರ ದೇಶವನ್ನು ನಡೆಸಲು ಓದಿದವರು ಬೇಕೆಂಬುದು ಎಂಬೋಯಾ ಅವರ ಆಲೋಚನೆ. ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್ಸನ್, ಗಾಯಕ ಹ್ಯಾರಿ ಬೆಲಫಾಂಟೆ ಮುಂತಾದವರು ಇದಕ್ಕಾಗಿ ಹಣ ಸಂಗ್ರಹಿಸಲು ಮುಂದಾದರು. 1963ರ ವೇಳೆಗೆ ಪೂರ್ವ ಆಫ್ರಿಕದ ಸುಮಾರು 800 ಮಂದಿ ಹೀಗೆ ಓದಲು ಹೋದರು. 1960ರಲ್ಲಿ ಕಾನ್ಸಾಸ್ ರಾಜ್ಯದ ಕಾಲೇಜೊಂದಕ್ಕೆ ಸೇರಿದ ವಂಗಾರಿ ಮಾಥಾಯ್ ಅವರಲ್ಲಿ ಒಬ್ಬರು. ಮುಂದೆ ಅವರು ಗಿಡ ನೆಡುವ ಚಳವಳಿಯನ್ನು ಕಟ್ಟಿ 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಪಡೆದರು.

1990ರಲ್ಲಿ ಅಮೆರಿಕ ಹೊಸ ವಲಸೆ ಕಾಯಿದೆಯನ್ನು ಮಾಡಿತು. ಅದರಂತೆ 1995ರಿಂದ ಲಾಟರಿಯ ಮೂಲಕ ಕಾಯಂ ವಾಸದ ವೀಸಾ ಕೊಡುವ ಪದ್ಧತಿ ಬಂದಿತು. ಅದೃಷ್ಟವೊಂದೇ ಸಾಲದು, ಅರ್ಜಿದಾರರು ಪ್ರೌಢಶಿಕ್ಷಣ ಮುಗಿಸಿರಬೇಕು, ಇಲ್ಲವೇ ತರಬೇತಿ ಬೇಡುವ ಉದ್ಯೋಗದಲ್ಲಿ ಎರಡು ವರ್ಷ ದುಡಿದಿರಬೇಕು ಎಂಬ ನಿಯಮವೂ ಇತ್ತು. ಕೀನ್ಯಾದ ಸಾವಿರಾರು ಮಂದಿ ಈ ಬಾಗಿಲಿನಿಂದ ಒಳಗೆ ಬಂದರು. ಹೀಗೆ ಶಾಲೆ, ಹಣ, ಇಂಗ್ಲಿಷ್, ವೀಸಾ ಎಂಬ ಒಂದರ ಕೆಳಗೊಂದು ಜರಡಿಗಳನ್ನು ದಾಟಿದವರೇ ಅಮೆರಿಕದ ಕೀನ್ಯಾ ಸಮುದಾಯ. ಸ್ವತಃ ಕೀನ್ಯಾ ದೇಶದಲ್ಲಿ ನೂರಕ್ಕೆ ಹತ್ತು ಮಂದಿಯೂ ಪದವೀಧರರಿಲ್ಲ. ಅಮೆರಿಕದಲ್ಲಿ ಕಾಣುವ ಕೀನ್ಯಾ ಇಡೀ ಕೀನ್ಯಾ ಅಲ್ಲ ಎಂಬುದು ಇದರಿಂದ ಸ್ಪಷ್ಟ.

ಈಗ ಹೈಟಿಗೆ ಬರೋಣ. ಗುಲಾಮರು ದಂಗೆಯೆದ್ದು ಫ್ರೆಂಚರನ್ನು ಸೋಲಿಸಿ 1804ರ ಜನವರಿ 1ರಂದು ಸ್ವಾತಂತ್ರ್ಯ ಘೋಷಿಸಿದ ನಾಡು ಅದು. ಆದರೆ 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಕಳುಹಿಸಿ, ಕಳೆದುಕೊಂಡ ಆಸ್ತಿಗೆಂದು 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಆ ಆಸ್ತಿಯಲ್ಲಿ ಗುಲಾಮರಾಗಿದ್ದ ಮನುಷ್ಯರೂ ಸೇರಿದ್ದರು! ಮೊತ್ತವನ್ನು 1838ರಲ್ಲಿ 9 ಕೋಟಿಗೆ ಇಳಿಸಿದರೂ, ಅದಕ್ಕಾಗಿ ಮಾಡಿದ ಸಾಲದ ಹೊರೆ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಮುಂದುವರಿಯಿತು. 1915ರಿಂದ 1934ರವರೆಗೆ ಅಮೆರಿಕದ ಸೇನೆ ಅಲ್ಲಿ ಬೀಡುಬಿಟ್ಟಿತ್ತು. 1957ರಿಂದ 1986ರವರೆಗೆ ಡುವಾಲಿಯೆ ತಂದೆ-ಮಗನ ಸರ್ವಾಧಿಕಾರ. ಶಾಲೆಗಳಿಗೆ ಹೋಗಬೇಕಾಗಿದ್ದ ಹಣ ಎಲ್ಲಿಗೆ ಹೋಯಿತೆಂದು ನೀವೇ ಊಹಿಸಬಹುದು.

ಸರ್ವಾಧಿಕಾರಕ್ಕೆ ಹೆದರಿ ಮೊದಲು ದೇಶ ಬಿಟ್ಟವರು ವೈದ್ಯರು, ವಕೀಲರು, ಶಿಕ್ಷಕರು. ಅವರು ನ್ಯೂಯಾರ್ಕ್ ಮತ್ತು ಮಾಂಟ್ರಿಯಲ್ ನಗರಗಳಿಗೆ ಹೋದರು. 1970ರ ದಶಕದಲ್ಲಿ ಬಡ ರೈತರು, ಕೂಲಿಗಳು ಹೊರಡಲಾರಂಭಿಸಿದರು. ಫ್ಲಾರಿಡಾದ ತೀರ ಸಾವಿರ ಕಿಲೋಮೀಟರಿಗೆ ತುಸು ಹೆಚ್ಚು ದೂರ. ವೀಸಾ ಇಲ್ಲದಿದ್ದರೂ, ಇದ್ದ ಜಮೀನು ಮಾರಿದರೆ ಮರದ ದೋಣಿಯಲ್ಲಿ ಒಂದು ಜಾಗ ಸಿಗುತ್ತಿತ್ತು. ಎಷ್ಟೋ ದೋಣಿಗಳು ದಡ ಸೇರಲಿಲ್ಲ. ಮೇಲೆ ಹೇಳಿದ ಲಾಟರಿಯ ಬಾಗಿಲೂ ಅವರಿಗೆ ತೆರೆಯಲಿಲ್ಲ. ಹೆಚ್ಚು ಜನ ಈಗಾಗಲೇ ಬಂದಿರುವ ದೇಶಗಳಿಗೆ ಆ ಲಾಟರಿ ಇಲ್ಲ ಎಂಬುದು ನಿಯಮ. ಹೈಟಿಯಂತೆ ಭಾರತವೂ ಆ ಪಟ್ಟಿಯಿಂದ ಹೊರಗಿತ್ತು.

ಮೂರನೆಯ ಪ್ರಶ್ನೆ ಸ್ವಾಗತದ್ದು. 1980ರಲ್ಲಿ ಕ್ಯೂಬಾದಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಫ್ಲಾರಿಡಾ ಸೇರಿದರು. ಅದೇ ವರ್ಷ ಅದೇ ತೀರಕ್ಕೆ ಹೈಟಿಯವರೂ ಸಾವಿರಾರು ಸಂಖ್ಯೆಯಲ್ಲಿ ಬಂದರು. ಕಮ್ಯುನಿಸ್ಟ್ ದೇಶದಿಂದ ಬಂದ ಕ್ಯೂಬನ್ನರಿಗೆ ಬೇಗನೆ ಕಾಯಂ ವಾಸದ ಹಕ್ಕು ಕೊಡುವ ಕಾನೂನು 1966ರಿಂದಲೇ ಇತ್ತು. ಹೈಟಿಯವರಿಗೆ ಅಂಥದ್ದಿರಲಿಲ್ಲ, ಅವರು 1986ರ ಕಾಯಿದೆಯವರೆಗೆ ಕಾಯಬೇಕಾಯಿತು. 1981ರಿಂದ ಅಮೆರಿಕದ ನೌಕೆಗಳು ಹೈಟಿಯ ದೋಣಿಗಳನ್ನು ನಡುಗಡಲಲ್ಲೇ ತಡೆಯತೊಡಗಿದವು. 1981ರಿಂದ 1990ರವರೆಗೆ ಹೀಗೆ ತಡೆಹಿಡಿದವರು 22,940 ಮಂದಿ. ಅವರಲ್ಲಿ ಆಶ್ರಯ ಕೋರಿ ಅರ್ಜಿ ಹಾಕಲು ಅರ್ಹರೆಂದು ಅಧಿಕಾರಿಗಳು ಒಪ್ಪಿದ್ದು ಎಷ್ಟು ಮಂದಿಯನ್ನು ಗೊತ್ತೆ? ಕೇವಲ 11.

ಒಳಗೆ ಬಂದವರಿಗೂ ಸುಖವಿರಲಿಲ್ಲ. ಏಡ್ಸ್ ಕಾಯಿಲೆಯ ಆರಂಭದ ವರ್ಷಗಳಲ್ಲಿ ಇಡೀ ಹೈಟಿ ಜನಾಂಗವನ್ನೇ ಅಪಾಯದ ಗುಂಪು ಎಂದು ಹೆಸರಿಸಲಾಯಿತು. 1990ರಲ್ಲಿ ಅವರು ರಕ್ತದಾನ ಮಾಡಬಾರದೆಂದು ಸರ್ಕಾರಿ ಸಂಸ್ಥೆಯೇ ಸೂಚಿಸಿತು. ಆ ವರ್ಷದ ಏಪ್ರಿಲ್ 20ರಂದು ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮೇಲೆ ಹತ್ತಾರು ಸಾವಿರ ಜನ ಮೆರವಣಿಗೆ ಹೋದರು. ಅದೇ ವರ್ಷದ ಕೊನೆಗೆ ಸೂಚನೆ ರದ್ದಾಯಿತು. 2010ರ ಜನವರಿ 12ರ ಭೂಕಂಪದ ನಂತರ ಹೈಟಿಯವರಿಗೆ ತಾತ್ಕಾಲಿಕ ರಕ್ಷಣೆ ದೊರೆಯಿತು. ಅದನ್ನು ನಿಲ್ಲಿಸುವುದಾಗಿ 2017ರಲ್ಲಿ ಘೋಷಣೆ, 2021ರಲ್ಲಿ ಹೊಸದಾಗಿ ಮಂಜೂರು, 2025ರಲ್ಲಿ ಮತ್ತೆ ನಿಲ್ಲಿಸುವ ಘೋಷಣೆ, ನಡುನಡುವೆ ನ್ಯಾಯಾಲಯದ ಅಲೆದಾಟ. ಮುಂದಿನ ವರ್ಷ ಇಲ್ಲಿರುತ್ತೇವೋ ಇಲ್ಲವೋ ಎಂಬುದೇ ತಿಳಿಯದ ಮನುಷ್ಯ ಮನೆ ಕೊಳ್ಳಲು ಸಾಲ ಮಾಡುವುದು ಹೇಗೆ? ನಾಲ್ಕು ವರ್ಷದ ಪದವಿಗೆ ಸೇರುವುದು ಹೇಗೆ? 2024ರಲ್ಲಿ ಒಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನೆಲೆಸಿದ ಹೈಟಿಯವರು ನೆರೆಮನೆಯ ನಾಯಿ ಬೆಕ್ಕುಗಳನ್ನು ಕದ್ದು ತಿನ್ನುತ್ತಾರೆಂಬ ವದಂತಿ ಅಧ್ಯಕ್ಷೀಯ ಚುನಾವಣೆಯ ಚರ್ಚಾ ವೇದಿಕೆಯವರೆಗೂ ಹೋಯಿತು. ಅದಕ್ಕೆ ಯಾವ ಆಧಾರವೂ ಇಲ್ಲವೆಂದು ನಗರದ ಅಧಿಕಾರಿಗಳೇ ಹೇಳಬೇಕಾಯಿತು.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಮ್ಮಲ್ಲಿದೆ. ಹಾಗಾದರೆ ಹೈಟಿಯವರು ಕೈ ಕೆಸರು ಮಾಡಿಕೊಳ್ಳಲಿಲ್ಲವೆ? 2018ರ ಅಂಕಿಗಳಂತೆ 16 ವರ್ಷ ದಾಟಿದ ಹೈಟಿ ವಲಸಿಗರಲ್ಲಿ ಶೇಕಡಾ 71ರಷ್ಟು ಜನ ದುಡಿಯುವವರು ಅಥವಾ ಕೆಲಸ ಹುಡುಕುತ್ತಿದ್ದವರು. ಅಮೆರಿಕದಲ್ಲೇ ಹುಟ್ಟಿದವರಲ್ಲಿ ಈ ಪ್ರಮಾಣ ಶೇಕಡಾ 62. ಅವರು ಊರಿಗೆ ಕಳುಹಿಸುವ ಹಣವನ್ನೂ ನೋಡಿ. ಹೊರದೇಶಗಳಲ್ಲಿರುವವರು ಕಳುಹಿಸುವ ಹಣ ಹೈಟಿಯ ಒಟ್ಟು ರಾಷ್ಟ್ರೀಯ ಉತ್ಪನ್ನದ ಸುಮಾರು ಐದನೇ ಒಂದು ಭಾಗಕ್ಕೆ ಸಮ. ಕೀನ್ಯಾದಲ್ಲಿ ಅದು ನೂರಕ್ಕೆ ನಾಲ್ಕರ ಆಸುಪಾಸು. ಶ್ರಮವೊಂದೇ ಅಳತೆಗೋಲಾಗಿದ್ದರೆ ಹೈಟಿಯವರು ಹಿಂದುಳಿಯಬೇಕಾದ ಕಾರಣವೇ ಇರಲಿಲ್ಲ.

ಸಂಸ್ಕೃತಿಯೇ ಕಾರಣವೆಂಬ ವಾದವನ್ನು ಪರೀಕ್ಷಿಸಲು ಒಂದು ಒಳ್ಳೆಯ ಉದಾಹರಣೆ ಕೆನಡಾದ ಕ್ಯುಬೆಕ್ ಪ್ರಾಂತದಲ್ಲಿದೆ. 1960ರ ದಶಕದಲ್ಲಿ ಅಲ್ಲಿ ಹೊಸ ಶಾಲೆಗಳೂ ಆಸ್ಪತ್ರೆಗಳೂ ತೆರೆಯುತ್ತಿದ್ದವು. ಫ್ರೆಂಚ್ ಬಲ್ಲ ಶಿಕ್ಷಕರು, ವೈದ್ಯರು, ದಾದಿಯರು ಬೇಕಾಗಿದ್ದರು. ಹೈಟಿಯಿಂದ ಬಂದ ವಿದ್ಯಾವಂತರಿಗೆ ಕೂಡಲೇ ಗೌರವದ ಕೆಲಸ ಸಿಕ್ಕಿತು. 1968ರಲ್ಲಿ ಅಲ್ಲಿಗೆ ಬಂದ ಕುಟುಂಬವೊಂದರ ಬಾಲಕಿ ಮಿಕಾಯೆಲ್ ಜ್ಯಾನ್ 2005ರಿಂದ 2010ರವರೆಗೆ ಕೆನಡಾದ ಗವರ್ನರ್ ಜನರಲ್ ಆಗಿದ್ದರು. 1970ರ ದಶಕದ ನಂತರ ಅದೇ ಹೈಟಿಯಿಂದ ಅದೇ ಮಾಂಟ್ರಿಯಲ್‌ಗೆ ಬಂದವರಲ್ಲಿ ಬಹುಪಾಲು ಕಡಿಮೆ ಓದಿದವರು. ಅವರು ಕಾರ್ಖಾನೆಗಳಲ್ಲಿ ದುಡಿದರು, ಟ್ಯಾಕ್ಸಿ ಓಡಿಸಿದರು, ಸಹೋದ್ಯೋಗಿಗಳಿಂದಲೂ ಪ್ರಯಾಣಿಕರಿಂದಲೂ ವರ್ಣಭೇದದ ಮಾತು ಕೇಳಿದರು. ಎರಡು ಗುಂಪುಗಳ ಮೂಲ ದೇಶ ಒಂದೇ, ಸಂಸ್ಕೃತಿ ಒಂದೇ, ಸೇರಿದ ನಗರವೂ ಒಂದೇ. ಬೇರೆಯಾಗಿದ್ದುದು ಹೊರಟಾಗ ಕೈಯಲ್ಲಿದ್ದ ವಿದ್ಯೆ ಮತ್ತು ಬಂದಾಗ ಸಿಕ್ಕ ಅವಕಾಶ.

ಮಕ್ಕಳ ಮಾತಿಗೆ ಬಂದರೆ ಇದು ನಿಮ್ಮ ವಯಸ್ಸಿನವರ ವಿಚಾರ. ಸಮಾಜಶಾಸ್ತ್ರಜ್ಞ ಅಲೆಹಾಂದ್ರೊ ಪೋರ್ಟೆಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಮಯಾಮಿ ನಗರದ ಶಾಲೆಗಳಲ್ಲಿ ವಲಸಿಗರ ಮಕ್ಕಳನ್ನು ಅಧ್ಯಯನ ಮಾಡಿದರು. ಅಲ್ಲಿನ ಬಡ ಬಡಾವಣೆಗಳ ಶಾಲೆಗಳಲ್ಲಿ ಹೈಟಿಯ ಮಕ್ಕಳನ್ನು ಇತರ ಮಕ್ಕಳು ಹಂಗಿಸುತ್ತಿದ್ದರು. ಆ ಹಂಗಿಗೆ ಹೆದರಿ ಎಷ್ಟೋ ಮಕ್ಕಳು ತಾವು ಹೈಟಿಯವರೆಂಬುದನ್ನೇ ಮುಚ್ಚಿಡುತ್ತಿದ್ದರು, ಮನೆಯ ಕ್ರಿಯೋಲ್ ಭಾಷೆಯನ್ನು ಬಾಯಿಗೆ ತರುತ್ತಿರಲಿಲ್ಲ. ವಲಸಿಗರ ಮಕ್ಕಳೆಲ್ಲರೂ ಒಂದೇ ಮೆಟ್ಟಿಲು ಹತ್ತುವುದಿಲ್ಲ; ತಂದೆತಾಯಿಯರ ವಿದ್ಯೆ, ಸರ್ಕಾರದ ನೀತಿ, ಸುತ್ತಲಿನ ಸಮಾಜ ಇವು ಸೇರಿ ಅವರ ದಾರಿಯನ್ನು ರೂಪಿಸುತ್ತವೆ ಎಂಬುದು ಈ ವಿದ್ವಾಂಸರ ತೀರ್ಮಾನ. ಅಷ್ಟಾದರೂ ಮೇಲೆ ಬಂದವರು ಅನೇಕರು. 1981ರಲ್ಲಿ 12 ವರ್ಷದ ಹುಡುಗಿಯಾಗಿ ಬ್ರೂಕ್ಲಿನ್‌ಗೆ ಬಂದ ಎಡ್ವಿಜ್ ಡಾಂಟಿಕಾ ಇಂದು ಹೆಸರಾಂತ ಕಾದಂಬರಿಕಾರ್ತಿ.

ಹಾಗೆಂದು ಕೀನ್ಯಾದವರ ದಾರಿ ಹೂವಿನ ಹಾಸಿಗೆ ಎಂದು ತಿಳಿಯಬೇಡಿ. ಊರಿನಲ್ಲಿ ಪಡೆದ ಪದವಿಗೆ ಅಲ್ಲಿ ಮಾನ್ಯತೆ ಸಿಗದೆ, ಶಿಕ್ಷಕರಾಗಿದ್ದವರು, ಲೆಕ್ಕಪರಿಶೋಧಕರಾಗಿದ್ದವರು ವೃದ್ಧಾಶ್ರಮಗಳಲ್ಲಿ ರಾತ್ರಿ ಪಾಳಿ ಮಾಡಿದ್ದುಂಟು. ಇನ್ನೊಂದು ಸೂಕ್ಷ್ಮವೂ ಇದೆ. ಸೊಮಾಲಿಯಾದ ಅಂತರ್ಯುದ್ಧದಿಂದ ಓಡಿಬಂದವರಿಗಾಗಿ 1991ರಿಂದ ಕೀನ್ಯಾದ ದಾದಾಬ್ ಎಂಬಲ್ಲಿ ದೊಡ್ಡ ನಿರಾಶ್ರಿತರ ಶಿಬಿರಗಳಿವೆ. ಅಲ್ಲಿ ಹುಟ್ಟಿ ಮುಂದೆ ಅಮೆರಿಕದ ಮಿನಸೋಟಾ ರಾಜ್ಯ ಸೇರಿದ ಸೊಮಾಲಿ ಮಕ್ಕಳು ಅಮೆರಿಕದ ಜನಗಣತಿಯ ಪಟ್ಟಿಯಲ್ಲಿ ‘ಕೀನ್ಯಾದಲ್ಲಿ ಹುಟ್ಟಿದವರು’ ಎಂದೇ ಸೇರುತ್ತಾರೆ. ವಿಮಾನದಲ್ಲಿ ಓದಲು ಬಂದವರೂ, ಗುಡಾರದಲ್ಲಿ ಹುಟ್ಟಿ ಬೆಳೆದವರೂ ಒಂದೇ ಅಂಕಣದಲ್ಲಿ! ಸರಾಸರಿ ಎಂಬುದು ಎಷ್ಟು ಭೇದಗಳನ್ನು ಮುಚ್ಚಿಡುತ್ತದೆ ನೋಡಿ.

ಈಗ ನಮ್ಮ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿ ಭಾರತೀಯರು, ಅವರಲ್ಲಿ ಕನ್ನಡಿಗರು, ಬಹಳ ಮುಂದೆ ಬಂದಿದ್ದಾರೆಂದು ನಾವು ಹೆಮ್ಮೆಪಡುತ್ತೇವೆ. ಹೆಮ್ಮೆ ತಪ್ಪಲ್ಲ. ಆದರೆ 1965ರ ವಲಸೆ ಕಾಯಿದೆ ಬಾಗಿಲು ತೆರೆದಾಗ ಇಲ್ಲಿಂದ ಹೊರಟವರಲ್ಲಿ ವೈದ್ಯರು, ಎಂಜಿನಿಯರುಗಳು, ವಿಜ್ಞಾನಿಗಳೇ ಎದ್ದು ಕಾಣುತ್ತಿದ್ದರು. ಅಲ್ಲಿರುವ ವಯಸ್ಕ ಭಾರತೀಯ ವಲಸಿಗರಲ್ಲಿ ನಾಲ್ವರಿಗೆ ಮೂವರು ಪದವೀಧರರು. ಇಲ್ಲಿ, ನಮ್ಮ ದೇಶದಲ್ಲಿ, ಹತ್ತರಲ್ಲಿ ಒಬ್ಬರ ಲೆಕ್ಕ. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಸಾರ್ವಜನಿಕರ ಹಣದಿಂದ ಕಲಿತು ಹೋದವರೂ ಅವರಲ್ಲಿದ್ದಾರೆ. ಕೀನ್ಯಾದವರು ದಾಟಿದಂಥ ಜರಡಿಯನ್ನೇ ನಮ್ಮವರೂ ದಾಟಿದ್ದಾರೆ, ಇನ್ನೂ ಸಣ್ಣ ಕಣ್ಣಿನ ಜರಡಿಯನ್ನು. ಹೈಟಿಯ ರೈತನಂತೆ ದೋಣಿ ಹತ್ತಿ ಹೋಗುವಷ್ಟು ಹತ್ತಿರದಲ್ಲಿ ಅಮೆರಿಕ ಇದ್ದಿದ್ದರೆ ನಮ್ಮ ಸರಾಸರಿ ಹೇಗಿರುತ್ತಿತ್ತು?

ಆದ್ದರಿಂದ ಎರಡು ಸಮುದಾಯಗಳನ್ನು ಹೋಲಿಸುವಾಗ ಮೊದಲು ಪ್ರತಿಯೊಂದನ್ನೂ ಅದರ ತಾಯ್ನಾಡಿನ ಜೊತೆ ಹೋಲಿಸಬೇಕು. ಓದು ಬರಹ ಬಲ್ಲ ವಯಸ್ಕರು ಮೂರರಲ್ಲಿ ಎರಡು ಪಾಲಿನಷ್ಟೇ ಇರುವ ಹೈಟಿಯಿಂದ ಬಂದವರಲ್ಲಿ ಐವರಿಗೊಬ್ಬರು ಪದವೀಧರರು ಎಂಬುದು ಸಣ್ಣ ಸಾಧನೆಯಲ್ಲ. ಅವರು ಹೊರಟ ಮೆಟ್ಟಿಲು ಕೆಳಗಿತ್ತು, ಏರಿದ ಎತ್ತರ ಕಡಿಮೆಯದಲ್ಲ.

ಮಿತ್ರರೇ, ಇಂಥ ಹೋಲಿಕೆಗಳು ದೂರದ ಅಮೆರಿಕಕ್ಕೆ ಮಾತ್ರ ಸೀಮಿತವಲ್ಲ. ನಿಮ್ಮ ಪಠ್ಯಪುಸ್ತಕದಲ್ಲಿ, ಪತ್ರಿಕೆಯಲ್ಲಿ, ಮನೆಯ ಜಗಲಿಯ ಮಾತಿನಲ್ಲಿ ಇಂಥ ಜಾತಿಯವರು ಮುಂದೆ, ಇಂಥ ಜಿಲ್ಲೆಯವರು ಹಿಂದೆ ಎಂಬ ಮಾತನ್ನು ಕೇಳುತ್ತಲೇ ಇರುತ್ತೀರಿ. ಮುಂದಿನ ಬಾರಿ ಕೇಳಿದಾಗ ಆ ಮೂರು ಪ್ರಶ್ನೆಗಳನ್ನು ಹಾಕಿ ನೋಡಿ. ಹೊರಟವರು ಯಾರು, ಬಾಗಿಲು ಯಾವುದು, ಬರಮಾಡಿಕೊಂಡ ಬಗೆ ಹೇಗೆ? ನಿಮ್ಮ ಊರಿಗೆ ಕೆಲಸ ಹುಡುಕಿಕೊಂಡು ಬಂದಿರುವ ಯಾವುದಾದರೂ ಒಂದು ಗುಂಪನ್ನು ಆರಿಸಿಕೊಂಡು, ನಿಮ್ಮ ಅಧ್ಯಾಪಕರ ನೆರವಿನಿಂದ ಈ ಪ್ರಶ್ನೆಗಳಿಗೆ ಉತ್ತರ ಬರೆಯಲು ಪ್ರಯತ್ನಿಸಿ. ತೀರ್ಪು ಕೊಡುವ ಆತುರ ತಾನಾಗಿ ತಗ್ಗುವುದನ್ನು ಕಾಣುವಿರಿ.